ಒಂದು ಹಸಿರು ಗುಂಡಿಗಾಗಿ ಟಾರ್ಟುವರೆಗೆ

ಟಾಲಿನ್ ಬಸ್ಸು

ದೇಶ ಬಿಟ್ಟು ಮೊದಲ ಸಲ ಹೊರಗೆ ಹೋದ ನಾನು ಅಲ್ಲಿ ಮಾಡಿದ ಮೊದಲ ಘನಕಾರ್ಯವೆಂದರೆ ಎಸ್ಟೋನಿಯಾದ ಬಸ್ಸೊಂದರಲ್ಲಿ ದಾವಣಗೆರೆಯ ಖಾರ ಮಂಡಕ್ಕಿ ಚೆಲ್ಲಿದ್ದು. ರಾಜಧಾನಿ ಟಾಲಿನ್‌ನಿಂದ ಟಾರ್ಟು ಎಂಬ ಊರಿಗೆ ಎರಡೂವರೆ ತಾಸಿನ ದಾರಿ. ವಿನೋಬನಗರದ ಅಂಗಡಿಯವನು "ಲಂಡನ್ನಿಗೆ ಹೋದ್ರೂ ಬಿಚ್ಚಂಗಿಲ್ಲ ಬಿಡ್ರಿ ಮೇಡಂ" ಎಂದು ಕಟ್ಟಿಕೊಟ್ಟಿದ್ದ ಪೊಟ್ಟಣ, ಲಂಡನ್ನಿಗೆ ಹೋಗದ ಸಿಟ್ಟಿಗೋ ಏನೋ, ಡ್ರೈವರ್ ಬ್ರೇಕ್ ಹಾಕಿದೊಡನೆ ಮೇಲಿನಿಂದ ಜಾರಿ ಪಕ್ಕದವರ ಹೆಗಲ ಮೇಲೆ ಒಡೆಯಿತು.

ಪಕ್ಕದವರು ಅರವತ್ತು ದಾಟಿದ ಗಂಡಸು, ಬೂದು ಕೋಟು. ನಾನು ಒಂದೇ ಉಸಿರಿನಲ್ಲಿ ನಾಲ್ಕು ಸಲ ಸಾರಿ ಹೇಳಿದೆ. ಅವರು ತಮ್ಮ ಟೋಪಿ ತೆಗೆದು ಅಂಗಾತ ಹಿಡಿದು, ಕೋಟಿನ ಮೇಲಿದ್ದ ಮಂಡಕ್ಕಿಯನ್ನು ಒಂದೊಂದಾಗಿ ಆರಿಸಿ ಅದರೊಳಗೆ ಹಾಕಿದರು. ಸೀಟಿನ ಸಂದಿಯಲ್ಲಿ ಸೇರಿಕೊಂಡದ್ದನ್ನೂ ಬಿಡಲಿಲ್ಲ. ಟೋಪಿಯನ್ನು ನನ್ನ ಕಡೆ ಚಾಚಿದರು, ನಾನು ಚೀಲಕ್ಕೆ ಸುರಿದುಕೊಂಡೆ. ಒಂದು ಕಾಳನ್ನು ಮಾತ್ರ ಬಾಯಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದವರು ಮತ್ತೆ ಇತ್ತ ನೋಡಲಿಲ್ಲ.

ನಾನು ದಾವಣಗೆರೆಯಿಂದ ಹರಿಹರಕ್ಕೆ ದಿನಾ ಬಸ್ಸಿನಲ್ಲಿ ಹೋಗುವವಳು. ಅರ್ಧ ತಾಸಿನ ಆ ದಾರಿಯಲ್ಲಿ ಪಕ್ಕದ ಸೀಟಿನವರು ನನ್ನ ಅಪ್ಪನ ಹೆಸರು, ನನ್ನ ಮದುವೆಯ ಯೋಚನೆ, ಈ ವಕೀಲಿಯ ಕರಿ ಕೋಟಿನಿಂದ ಏನಾದರೂ ಗಿಟ್ಟುತ್ತದೆಯೇ ಎನ್ನುವುದು, ಮೂರನ್ನೂ ವಿಚಾರಿಸಿ ಮೂರಕ್ಕೂ ಸಲಹೆ ಕೊಟ್ಟು ಇಳಿಯುತ್ತಾರೆ. ಇಲ್ಲಿ ಬಸ್ಸಿಗೆ ಬಸ್ಸೇ ಬಾಯಿ ಮುಚ್ಚಿ ಕುಳಿತಿತ್ತು. ಈ ಮನುಷ್ಯನಿಗೆ ನನ್ನ ಮೇಲೆ ವಿಪರೀತ ಸಿಟ್ಟು ಬಂದಿದೆ ಎಂದು ತೀರ್ಮಾನಿಸಿದೆ. ಟಾರ್ಟುವಿನಲ್ಲಿ ಇಳಿಯುವಾಗ ಅವರು ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು: "ಖಾರ. ಆದರೆ ಚೆನ್ನಾಗಿತ್ತು."

ಒಂದು ಕಾಳು ಮಂಡಕ್ಕಿಯ ಬಗ್ಗೆ ಎರಡು ತಾಸು ಯೋಚಿಸಿ ಅಭಿಪ್ರಾಯ ಕೊಡುವ ಮನುಷ್ಯನನ್ನು ನಾನು ಅದೇ ಮೊದಲು ಕಂಡದ್ದು. ಆಗಲೇ ಪಾಠ ಕಲಿಯಬೇಕಿತ್ತು. ಕಲಿಯಲಿಲ್ಲ.

ಜಗಳ ಏನೆಂದರೆ

ನಾನು ಎಂಜಿನಿಯರ್ ಅಲ್ಲ, ಹರಿಹರದ ಕೋರ್ಟಿನಲ್ಲಿ ಜೂನಿಯರ್ ವಕೀಲೆ. ಕಾಲೇಜಿನ ಐದೂ ವರ್ಷ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು. ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಎರಡರಲ್ಲೂ ಗೆದ್ದ ಕಪ್‌ಗಳು ಸರಸ್ವತಿ ನಗರದ ನಮ್ಮ ಮನೆಯ ಶೋಕೇಸಿನಲ್ಲಿ ಧೂಳು ತಿನ್ನುತ್ತಿವೆ. ಪುರಾವೆಯಿಲ್ಲದೆ ಯಾವುದನ್ನೂ ನಂಬುವುದಿಲ್ಲ ಎನ್ನುವುದು ನನ್ನ ಹಟ. ನನ್ನ ಪುರಾವೆಯನ್ನು ಮಾತ್ರ ಎಲ್ಲರೂ ಕೂಡಲೇ ನಂಬಬೇಕು ಎನ್ನುವುದು ಅದರ ಜೊತೆಗಿನ ಹಟ.

ಮಾತ್ರೆಯ ಹೊತ್ತನ್ನು ನೆನಪಿಸುವ ಒಂದು ಪುಟ್ಟ ಆ್ಯಪ್ ಇದೆ. ಮುಕ್ತ ತಂತ್ರಾಂಶ. ಎಂದರೆ, ಯಾವ ಕಂಪನಿಯ ಸ್ವತ್ತೂ ಅಲ್ಲ. ಅದರ ಒಳಗನ್ನು ಯಾರು ಬೇಕಾದರೂ ತೆರೆದು ನೋಡಬಹುದು, ಹೀಗೆ ಮಾಡಿ ಹಾಗೆ ಮಾಡಬೇಡಿ ಎಂದು ಎಲ್ಲರ ಎದುರಿಗೇ ಜಗಳ ಆಡಬಹುದು. ಹತ್ತಾರು ದೇಶದವರು ಬಿಡುವಿನ ಹೊತ್ತಿನಲ್ಲಿ ಕಟ್ಟಿದ್ದು. ಅದನ್ನು ಕನ್ನಡಕ್ಕೆ ತರುವ ಕೆಲಸಕ್ಕೆಂದು ಸೇರಿದ ನಾನು, ಕೆಲಸಕ್ಕಿಂತ ಜಗಳಕ್ಕೇ ಹೆಚ್ಚು ಪ್ರಸಿದ್ಧಳಾದೆ.

ಆ ವರ್ಷದ ಜಗಳ ಒಂದು ಗುಂಡಿಯದು. ಹೊತ್ತಾದಾಗ ಫೋನು ಕರೆಯುತ್ತದೆ, ಪರದೆಯ ತುಂಬ ಒಂದೇ ಹಸಿರು ಗುಂಡಿ ಬರುತ್ತದೆ: "ತಗೊಂಡೆ." ಒತ್ತಿದರೆ ಸದ್ದು ನಿಲ್ಲುತ್ತದೆ, ಆ ದಿನದ ಎದುರು ಪಟ್ಟಿಯಲ್ಲಿ ಹಸಿರು ಗುರುತು ಬೀಳುತ್ತದೆ. ಆ್ಯಪ್‌ನ ವಿನ್ಯಾಸ ಮಾಡುವ ಲೀಸ್ ಎಂಬಾಕೆ ಇದು ಅಪಾಯ ಎನ್ನುತ್ತಿದ್ದಳು: ಒಂದು ಗುಂಡಿ ಸದ್ದು ನಿಲ್ಲಿಸಲಿ, ಮಾತ್ರೆ ನುಂಗಿದ ಮೇಲೆ ಒತ್ತಲು ಇನ್ನೊಂದಿರಲಿ. ಕೋಡ್ ಬರೆಯುವ ಮಾರೆಕ್‌ಗೆ ಅದು ಬೇಡ. ನನಗೂ ಬೇಡ. ನಮ್ಮ ಕಡೆಯ ವಯಸ್ಸಾದವರಿಗೆ ಒಂದು ಗುಂಡಿ ಒತ್ತಿಸುವುದೇ ದೊಡ್ಡದು, ಎರಡಾದರೆ ಫೋನನ್ನೇ ಮೂಲೆಗಿಡುತ್ತಾರೆ ಎಂಬುದು ನನ್ನ ವಾದ.

ನನ್ನ ಹತ್ತಿರ ಸಾಕ್ಷಿಯೂ ಇತ್ತು. ಹರಿಹರ ತಾಲೂಕಿನ ಕೊಕ್ಕನೂರಿನಲ್ಲಿರುವ ನನ್ನ ಸೋದರತ್ತೆ ಗಿರಿಜತ್ತೆ. ಭತ್ತದ ಗದ್ದೆ, ಎರಡು ಎಮ್ಮೆ, ಮನೆ ತುಂಬ ಜನ, ಜೊತೆಗೆ ಬಿಪಿ. ಅತ್ತೆಯ ಫೋನಿಗೆ ಆ್ಯಪ್ ಹಾಕಿಕೊಟ್ಟವಳು ನಾನೇ. ಗಂಟೆಯ ಸದ್ದಿನ ಬದಲು ನನ್ನ ದನಿಯನ್ನೇ ತುಂಬಿದ್ದೆ: "ಗಿರಿಜತ್ತೇ, ಮಾತ್ರೆ ಹೊತ್ತಾತು." ಮೂರು ತಿಂಗಳ ಪಟ್ಟಿಯಲ್ಲಿ ಒಂದು ದಿನವೂ ತಪ್ಪಿರಲಿಲ್ಲ, ಉದ್ದಕ್ಕೂ ಹಸಿರು. ಅದನ್ನು ಹರಿಹರದ ಡಾಕ್ಟರಿಗೆ ತೋರಿಸಿ ಬೀಗಿದ್ದೆ. "ಇಷ್ಟು ಸರಿಯಾಗಿ ತಗೊಂಡ್ರೂ ಬಿಪಿ ಇಳಿದಿಲ್ಲ ಅಂದ್ರೆ ಈ ಮಾತ್ರೆ ಸಾಲ್ತಿಲ್ಲ" ಎಂದು ಅವರು ಇನ್ನೂ ಜೋರಿನ ಮಾತ್ರೆ ಬರೆದರು. ಆಮೇಲೆ ಒಂದೆರಡು ಸಲ ಅತ್ತೆ "ತಲಿ ತಿರುಗ್ದಂಗ್ ಆಗ್ತೈತೆ ಕಣೆ" ಎಂದಳು. "ಹೊಸದು ಒಗ್ಗೋವರ್ಗೂ ಹಂಗೇ" ಎಂದು ನಾನೇ ವೈದ್ಯಳಾಗಿ ಉತ್ತರ ಕೊಟ್ಟೆ.

ಗುಂಡಿಯ ತೀರ್ಮಾನಕ್ಕೆಂದು ಎಲ್ಲರೂ ಮುಖಾಮುಖಿ ಸೇರೋಣ ಎಂದು ತಂಡ ಕರೆದಾಗ, ಆ ಹಸಿರು ಪಟ್ಟಿಯನ್ನೂ ಮಂಡಕ್ಕಿಯನ್ನೂ ಕಟ್ಟಿಕೊಂಡು ಹೊರಟೆ.

ಮೊದಲ ದಿನ: ಮರದ ಮನೆ

ನಾವು ಸೇರಿದ್ದು ಹಳದಿ ಬಣ್ಣದ ಹಳೆಯ ಮರದ ಮನೆಯಲ್ಲಿ. ಹತ್ತು ಹನ್ನೆರಡು ಜನ. ಲೀಸ್ ಆ ಊರಿನವಳೇ, ಐವತ್ತರ ಆಸುಪಾಸು, ವಿನ್ಯಾಸಕ್ಕೆ ಬರುವ ಮುಂಚೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಮಾರೆಕ್ ಪೋಲೆಂಡಿನ ಗಡ್ಡದ ಹುಡುಗ, ಹಗಲು ಬೇರೆ ನೌಕರಿ ಮಾಡಿ ಉಳಿದ ಹೊತ್ತಿನಲ್ಲಿ ಈ ಆ್ಯಪ್ ಹೊರುವವನು. ಬೆಳಗ್ಗೆ ತಿನ್ನಲು ಕೊಟ್ಟದ್ದು ಧಾನ್ಯಗಳನ್ನು ಹುರಿದು ಬೀಸಿದ ಹಿಟ್ಟನ್ನು ಹುಳಿ ಮಜ್ಜಿಗೆಯಂಥದರಲ್ಲಿ ಕಲಸಿದ ಒಂದು ಪದಾರ್ಥ. ಒಂದು ಚಮಚ ಬಾಯಿಗಿಟ್ಟವಳು "ಇದು ನಮ್ಮ ಹುರಿಹಿಟ್ಟು!" ಎಂದು ಕೂಗಿಬಿಟ್ಟೆ. ಅದು ನಿಮ್ಮದು ಹೇಗಾಗುತ್ತದೆ ಎಂದು ನಮ್ಮೂರಾಗಿದ್ದರೆ ಯಾರಾದರೂ ವಾದಕ್ಕಿಳಿಯುತ್ತಿದ್ದರು. ಇಲ್ಲಿ ಎಲ್ಲರೂ ಒಮ್ಮೆ ನೋಡಿ, ತಲೆಯಾಡಿಸಿ, ತಿನ್ನುವುದನ್ನು ಮುಂದುವರಿಸಿದರು.

ಆ ಮನೆಗೊಂದು ಪದ್ಧತಿ. ಆ್ಯಪ್‌ನ ಪರದೆಯ ಚಿತ್ರವನ್ನು ಕಾಗದದ ಮೇಲೆ ಬರೆದು, ಏನೂ ಗೊತ್ತಿಲ್ಲದ ಒಬ್ಬರನ್ನು ಕರೆದು ಮುಂದೆ ಕೂರಿಸುತ್ತಾರೆ. ಅವರು ಬೆರಳಿನಿಂದ ಕಾಗದವನ್ನೇ ಒತ್ತುತ್ತಾರೆ. ನಾವೆಲ್ಲ ಹಿಂದೆ ಬೆಂಚಿನ ಮೇಲೆ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂರಬೇಕು. ತೋರಿಸುವಂತಿಲ್ಲ, ಮಾತಾಡುವಂತಿಲ್ಲ.

ಅವತ್ತು ಕರೆದದ್ದು ಪಕ್ಕದ ಮನೆಯ ಅಜ್ಜಿಯನ್ನು. ಅಜ್ಜಿಯ ಬೆರಳು ಕಾಗದದ ಮೇಲೆ ಅತ್ತ ಹೋಯಿತು, ಇತ್ತ ಹೋಯಿತು. ಒತ್ತಬೇಕಾದದ್ದು ಎದುರಿಗೇ ಇದೆ. ಅರ್ಧ ನಿಮಿಷ ತಡೆದೆ. "ಕೆಳಗೆ! ಕೆಳಗೆ ನೋಡಿ!" ಎಂದು ಬಾಯಿಗೆ ತಾನಾಗಿ ಬಂತು, ಅದೂ ಕನ್ನಡದಲ್ಲಿ. ಅಜ್ಜಿ ಬೆಚ್ಚಿ ಬೆರಳು ತೆಗೆದಳು. ಲೀಸ್ ಕಾಗದ ಮಡಚಿದಳು.

"ಇನ್ನು ಇದು ನಿಮ್ಮ ಪರೀಕ್ಷೆ, ಅವರದಲ್ಲ" ಎಂದಳು, ಬೇಸರವಿಲ್ಲದೆ.

"ನಾನೂ ಮೊದಲ ವರ್ಷ ಹೀಗೇ ಕೂಗಿದ್ದೆ" ಎಂದು ಮಾರೆಕ್ ಕಿವಿಯಲ್ಲಿ ಹೇಳಿದ. "ಪೋಲಿಷ್‌ನಲ್ಲಿ."

ಎರಡನೆಯ ದಿನ: ಗೆಲುವು

ಚರ್ಚೆ ಶುರುವಾಯಿತು. ಅಲ್ಲಿಯ ರೂಢಿ ನನಗೆ ವಿಚಿತ್ರ ಕಂಡಿತು. ಒಬ್ಬರು ಮಾತು ಮುಗಿಸಿದ ಮೇಲೆ ಯಾರೂ ತಕ್ಷಣ ಬಾಯಿ ತೆರೆಯುವುದಿಲ್ಲ. ಗೋಡೆಯ ಗಡಿಯಾರ ಕೇಳಿಸುವಷ್ಟು ಮೌನ. ನಮ್ಮ ಸ್ಪರ್ಧೆಗಳಲ್ಲಿ ಎದುರಾಳಿ ಎರಡು ಕ್ಷಣ ಸುಮ್ಮನಾದರೆ ಸೋತ ಎಂದೇ ಅರ್ಥ. ನಾನು ಆ ಲೆಕ್ಕದಲ್ಲಿಯೇ ಹೋದೆ.

ಲೀಸ್ ಹೇಳಿದಳು: "ಆಸ್ಪತ್ರೆಯಲ್ಲಿ ನೋಡಿದ್ದೇನೆ. ಜನ ಗುಂಡಿ ಒತ್ತುವುದು ಸದ್ದಿಗಾಗಿ, ಮಾತ್ರೆಗಾಗಿ ಅಲ್ಲ."

"ಪುರಾವೆ?" ಎಂದೆ.

"ನೆನಪು."

"ನೆನಪನ್ನು ನಮ್ಮ ಕೋರ್ಟು ಒಪ್ಪುವುದಿಲ್ಲ" ಎಂದು ಎದ್ದು ನಿಂತೆ. ಅತ್ತೆಯ ಪಟ್ಟಿಯನ್ನು ಗೋಡೆಯ ಮೇಲೆ ತೋರಿಸಿದೆ. ಮೂರು ತಿಂಗಳ ಹಸಿರು, ಮೇಲಿನಿಂದ ಕೆಳಗಿನವರೆಗೆ. "ಇವರಿಗೆ ಕಣ್ಣು ಮಂಜು, ಕೈಯಲ್ಲಿ ಯಾವಾಗಲೂ ಹಿಟ್ಟೋ ಸಗಣಿಯೋ ಇರುತ್ತದೆ, ಈ ಮುಂಚೆ ಫೋನನ್ನು ಮಾತಾಡಲು ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಿದವರಲ್ಲ. ಆದರೂ ಒಂದು ದಿನ ತಪ್ಪಿಲ್ಲ. ಯಾಕೆ? ಒಂದೇ ಗುಂಡಿ. ನೀವು ಎರಡನೆಯದನ್ನು ತಂದು ಯಾರನ್ನು ಉಳಿಸುತ್ತೀರಿ? ಇವರನ್ನು ಕಳೆದುಕೊಳ್ಳುತ್ತೀರಿ."

ಮೌನ. ಗಡಿಯಾರ. ಲೀಸ್ ಪಟ್ಟಿಯನ್ನೇ ನೋಡುತ್ತ ಕುಳಿತಳು. ಮಾರೆಕ್ ನನಗೆ ಹೆಬ್ಬೆರಳು ತೋರಿಸಿದ. ಬೇರೆಯವರೂ ತಲೆಯಾಡಿಸಿದರು. ಕೊನೆಗೆ ಲೀಸ್ "ಸರಿ" ಎಂದಳು. ಮಾರೆಕ್ ಅಲ್ಲೇ ಎಲ್ಲರಿಗೂ ಕಾಣುವಂತೆ ಬರೆದ: ಒಂದೇ ಗುಂಡಿ ಉಳಿಯುತ್ತದೆ, ಈ ಚರ್ಚೆ ಮುಗಿಯಿತು.

ಹೊರಗೆ ಬರುವಾಗ ಲೀಸ್ ಬಾಗಿಲ ಹತ್ತಿರ ನಿಂತು ಕೇಳಿದಳು: "ನಿಮ್ಮ ಅತ್ತೆ ಗುಂಡಿ ಒತ್ತುವುದನ್ನು ನೀವು ನೋಡಿದ್ದೀರಾ?"

"ನಾನೇ ಕಲಿಸಿದ್ದು" ಎಂದೆ.

ಅವಳು ತಲೆಯಾಡಿಸಿ ಒಳಗೆ ಹೋದಳು. ಕೇಳಿದ್ದಕ್ಕೆ ಉತ್ತರ ಕೊಡದ ಇಂಥ ಮಾತನ್ನು ಎದುರು ಪಕ್ಷದ ಸಾಕ್ಷಿ ಆಡಿದ್ದರೆ ನಾನು ಸುಮ್ಮನೆ ಬಿಡುತ್ತಿರಲಿಲ್ಲ. ನನ್ನನ್ನು ಮಾತ್ರ ಬಿಟ್ಟುಬಿಟ್ಟೆ.

ಅದೇ ಸಂಜೆ: ನದಿಯ ದಂಡೆ

ಊರ ನಡುವೆ ನದಿ, ನದಿಗೆ ಕಮಾನಿನ ಸೇತುವೆ. ಹುಡುಗರಿಬ್ಬರು ಸೇತುವೆಯ ದಾರಿ ಬಿಟ್ಟು ಕಮಾನಿನ ನೆತ್ತಿಯ ಮೇಲೇ ನಡೆದು ದಾಟುತ್ತಿದ್ದರು. ಹರಿಹರದ ತುಂಗಭದ್ರೆಯ ಸೇತುವೆಯ ಮೇಲೆ ಹೀಗೆ ಮಾಡಿದ್ದರೆ ಹತ್ತು ಜನ "ಇಳಿಯಲೇ ಮಗನೇ" ಎಂದು ಒದರಿ, ಆ ಒದರುವಿಕೆಗೇ ಹುಡುಗ ಬೀಳುತ್ತಿದ್ದ. ಇಲ್ಲಿ ಜನ ನಿಂತು ನೋಡುತ್ತಿದ್ದರು, ಅಷ್ಟೇ.

ಐದು ಗಂಟೆ. ನಮ್ಮಲ್ಲಿ ಏಳೂವರೆ. ಗೆದ್ದ ಸುದ್ದಿ ಹೇಳಲು ಅತ್ತೆಯ ಸೊಸೆ ರೂಪಕ್ಕನ ಫೋನಿಗೆ ವಿಡಿಯೋ ಕರೆ ಮಾಡಿದೆ. ರೂಪಕ್ಕ ಫೋನನ್ನು ಒಲೆಯ ಮುಂದೆ ಹಿಡಿದಳು. ಅತ್ತೆ ರೊಟ್ಟಿ ತಟ್ಟುತ್ತಿದ್ದಳು.

"ಏನೇ ವಕೀಲಮ್ಮ, ಆ ಊರಾಗೆ ಹೊಟ್ಟಿಗೆ ಏನ್ ಹಾಕ್ತಾರೆ?"

"ಹುರಿಹಿಟ್ಟು ಅತ್ತೆ."

"ಅದನ್ ತಿನ್ನಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ನಾನೇ ಹುರ್ದು ಕೊಡ್ತಿರ್ಲಿಲ್ವಾ?"

ಅಷ್ಟರಲ್ಲಿ ಗೋಡೆಯ ಗೂಡಿನಲ್ಲಿದ್ದ ಅತ್ತೆಯ ಫೋನು ನನ್ನದೇ ದನಿಯಲ್ಲಿ ಕರೆಯಿತು: "ಗಿರಿಜತ್ತೇ, ಮಾತ್ರೆ ಹೊತ್ತಾತು." ಅತ್ತೆ "ಓ!" ಎಂದಳು. ಎದ್ದು ಹೋಗಿ ಹಿಟ್ಟಿನ ಕೈಯ ಬೆರಳ ಗೆಣ್ಣಿನಿಂದ ಪರದೆಯನ್ನು ಒತ್ತಿ, ವಾಪಸ್ ಬಂದು ಕುಳಿತು ಇನ್ನೊಂದು ರೊಟ್ಟಿಗೆ ಹಿಟ್ಟು ನಾದಿದಳು.

ನಾನು ಕಾದೆ. ರೊಟ್ಟಿ ಹಂಚಿಗೆ ಹೋಯಿತು.

"ಅತ್ತೆ, ಮಾತ್ರೆ?"

"ಹ್ಞಾಂ, ಆತಲ್ಲ."

"ಏನಾತು? ನೀನು ನುಂಗ್ಲೇ ಇಲ್ಲ!"

"ಉಂಡ್ ಮ್ಯಾಲೆ ನುಂಗ್ತೀನಿ. ಬರೇ ಹೊಟ್ಯಾಗೆ ನುಂಗಿದ್ರೆ ಸಂಕಟ ಆಗ್ತೈತೆ."

"ಮತ್ತೆ ಗುಂಡಿ ಯಾಕ ಒತ್ತಿದೆ?"

"ನೀನು ಕರದ್ಯಲ್ಲೇ!" ಅತ್ತೆಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಕರದೋರಿಗೆ ಓ ಅನ್ನದಂಗೆ ಹೆಂಗೆ ಕುಂದ್ರಲಿ? ಓ ಅನ್ನದಿದ್ರೆ ನೀನು ಸುಮ್ನಾಗ್ತೀಯಾ? ಒದರ್ತಾನೇ ಇರ್ತೀಯ."

ರೂಪಕ್ಕ ನಕ್ಕಳು. ನನಗೆ ನಗು ಬರಲಿಲ್ಲ. "ಉಂಡ ಮೇಲೆ ದಿನಾ ನೆನಪಾಗ್ತೈತಾ ಅತ್ತೆ?"

"ಆಗ್ತೈತೆ. ಒಮ್ಮೊಮ್ಮೆ ಆಗಲ್ಲ. ಅನುಮಾನ ಬಂದ್ರೆ ಫೋನ್ ನೋಡ್ತೀನಿ. ಹಸ್ರು ಬಂದಿರ್ತೈತೆ. ಹಂಗಾರೆ ತಗಂಡೀನಿ ಬಿಡು ಅಂತ ಮಲಗ್ತೀನಿ."

ರೂಪಕ್ಕನಿಗೆ ಮಾತ್ರೆ ಡಬ್ಬಿ ತರಲು ಹೇಳಿದೆ. ಕಳೆದ ತಿಂಗಳೇ ಮುಗಿಯಬೇಕಿದ್ದ ಒಂದು ಶೀಟು ಹಾಗೇ ಇತ್ತು, ಇನ್ನೊಂದರಲ್ಲಿ ಅರ್ಧ ಉಳಿದಿತ್ತು. ಮರೆಯುತ್ತ, ನೆನಪಾದ ದಿನ ನುಂಗುತ್ತ ಬಂದಿದ್ದಾಳೆ. ನನ್ನ ಪಟ್ಟಿ ನೋಡಿ ಡಾಕ್ಟರು ಜೋರಿನ ಮಾತ್ರೆ ಕೊಟ್ಟಿದ್ದಾರೆ. ಅದನ್ನು ನುಂಗಿದ ದಿನ ತಲೆ ತಿರುಗಿದೆ. "ಒಗ್ಗೋವರ್ಗೂ ಹಂಗೇ" ಎಂದವಳು ನಾನು.

"ನನ್ ಮ್ಯಾಲೆ ಕೇಸ್ ಹಾಕ್ತೀಯೇನೇ, ಹಂಗ್ ನೋಡ್ತೀಯ?" ಎಂದಳು ಅತ್ತೆ.

"ಕೇಸು ನನ್ನ ಮೇಲೆ ಅತ್ತೆ. ರೂಪಕ್ಕ, ನಾಳೆ ಬೆಳಗ್ಗೆನೇ ಡಬ್ಬಿ ಸಮೇತ ಅತ್ತೇನ ಡಾಕ್ಟರ ಹತ್ರ ಕರ್ಕೊಂಡು ಹೋಗು. ಎಲ್ಲಾ ಹೇಳು."

"ಏನಂತ ಹೇಳ್ಲಿ? ಆ್ಯಪ್ ಸುಳ್ಳು ಹೇಳ್ತು ಅನ್ಲಾ?"

"ನಾನು ಸುಳ್ಳು ಪಟ್ಟಿ ತೋರಿಸ್ದೆ ಅನ್ನು."

ಕರೆ ಮುಗಿದ ಮೇಲೆ ದಂಡೆಯಲ್ಲೇ ಬಹಳ ಹೊತ್ತು ಕುಳಿತೆ. ಹೇಳಿಬಿಡುತ್ತೇನೆ, ಮರೆಮಾಚುವುದಿಲ್ಲ: ಸುಮ್ಮನಿದ್ದುಬಿಡುವ ಯೋಚನೆ ಬಂತು. ಅತ್ತೆಗೆ ಬೇರೆ ಏರ್ಪಾಡು ಮಾಡಿದರಾಯಿತು, ರೂಪಕ್ಕ ನೋಡಿಕೊಳ್ಳುತ್ತಾಳೆ. ಕೊಕ್ಕನೂರಿನ ಡಬ್ಬಿಯಲ್ಲಿ ಎಷ್ಟು ಮಾತ್ರೆ ಉಳಿದಿವೆ ಎಂದು ಟಾರ್ಟುವಿನಲ್ಲಿ ಯಾರಿಗೆ ಗೊತ್ತು? ಚೀಟಿ ಎತ್ತಿದ ಮೇಲೆ ಕಡೆ ಬದಲಿಸುವಂತಿಲ್ಲ ಎನ್ನುವುದು ನಾನು ಬೆಳೆದ ನಿಯಮ. ಐದು ವರ್ಷದಲ್ಲಿ ಪರ ವಿರೋಧ ಎರಡೂ ಮಾತಾಡಿದ್ದೆ, ಆದರೆ ಯಾವತ್ತೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಾನಾಗಿಯೇ ಎದ್ದು ಹೋಗಿರಲಿಲ್ಲ. ಅಡ್ಡ ಬಂದದ್ದು ಬೇರೆ ಅತ್ತೆಯಂದಿರ ಯೋಚನೆ. ಕರೆದವರಿಗೆ ಓ ಎನ್ನುವವಳು ನಮ್ಮ ಗಿರಿಜತ್ತೆ ಒಬ್ಬಳೇ ಅಲ್ಲವಲ್ಲ.

ಮೂರನೆಯ ದಿನ: ವಿರೋಧ

ಬೆಳಗ್ಗೆ ಎದ್ದು ನಿಂತೆ. "ನಿನ್ನೆ ನಾನು ತೋರಿಸಿದ ಪುರಾವೆ ಸುಳ್ಳು" ಎಂದು ಶುರು ಮಾಡಿದೆ. ರೊಟ್ಟಿ, ಓ, ಡಬ್ಬಿ, ಡಾಕ್ಟರು, ಎಲ್ಲ ಹೇಳಿದೆ. ಮುಗಿಸಿದ ಮೇಲೆ ಮಾಮೂಲಿನ ಮೌನ. ಈ ಸಲ ಅದನ್ನು ತುಂಬಲು ನನ್ನ ಹತ್ತಿರ ಏನೂ ಇರಲಿಲ್ಲ, ಹಾಗಾಗಿ ಕಾದೆ.

ಮೊದಲು ಮಾತಾಡಿದವನು ಮಾರೆಕ್, ಮುಖ ಗಂಟು ಹಾಕಿಕೊಂಡು. "ನಿನ್ನೆ ನೀವು ನನಗೆ ಒಂದು ತಿಂಗಳ ಭಾನುವಾರಗಳನ್ನು ಉಳಿಸಿಕೊಟ್ಟಿರಿ. ಇವತ್ತು ವಾಪಸ್ ಕಿತ್ತುಕೊಳ್ಳುತ್ತಿದ್ದೀರಿ."

"ಹೌದು."

"ಮೊದಲ ಗುಂಡಿ ಒತ್ತಿ ಎರಡನೆಯದನ್ನು ಒತ್ತದಿದ್ದರೆ ಪಟ್ಟಿಯಲ್ಲಿ ಏನು ಬರೆಯಲಿ? ತಪ್ಪಿತು ಎಂದರೆ ಅದೂ ಸುಳ್ಳಾಗಬಹುದು. ಅದಕ್ಕೇ ನಾನು ಮೊದಲಿನಿಂದ ಬೇಡ ಎಂದದ್ದು."

ಅವನ ಪ್ರಶ್ನೆ ನ್ಯಾಯವಾದದ್ದೇ. "ಗೊತ್ತಿಲ್ಲ ಎಂದು ಬರೆಯಿರಿ" ಎಂದೆ. "ಕೋರ್ಟಿನಲ್ಲಿ ಸಾಕ್ಷಿ ಹಾಗೆ ಹೇಳಬಹುದು. ನಿಮ್ಮ ಪಟ್ಟಿಯೂ ಹೇಳಲಿ. ಆ ಮಾತನ್ನು ನೋಡಿದ್ದರೆ ನಮ್ಮ ಡಾಕ್ಟರು ಮಾತ್ರೆ ಬದಲಿಸುವ ಮುಂಚೆ ಅತ್ತೆಯನ್ನು ಒಂದು ಪ್ರಶ್ನೆ ಕೇಳುತ್ತಿದ್ದರು."

ಲೀಸ್ ಕಿಟಕಿಯ ಕಡೆ ನೋಡುತ್ತಿದ್ದಳು. ಗೆದ್ದ ಮುಖ ಮಾಡುತ್ತಾಳೆ ಎಂದು ಕಾದಿದ್ದೆ. ಅವಳು ಹೇಳಿದ್ದು ಬೇರೆ: "ನಾನೂ ತಪ್ಪಿದ್ದೆ. ನನ್ನ ಮೊದಲ ಗುಂಡಿಯ ಮೇಲೆ 'ಸದ್ದು ನಿಲ್ಲಿಸಿ' ಎಂದು ಬರೆದಿದ್ದೆ. ನಿಮ್ಮ ಅತ್ತೆ ಸದ್ದು ನಿಲ್ಲಿಸುತ್ತಿಲ್ಲ. ಕರೆದವರಿಗೆ ಉತ್ತರ ಕೊಡುತ್ತಿದ್ದಾರೆ." ಬೋರ್ಡಿನ ಪೆನ್ನನ್ನು ನನ್ನ ಕಡೆ ಚಾಚಿ, "ಅವರ ಮಾತಿನಲ್ಲಿ ಅದು ಹೇಗೆ?" ಎಂದಳು.

ಬೋರ್ಡಿನ ಮೇಲೆ ಬರೆದೆ: ಓ.

"ಒಂದೇ ಅಕ್ಷರವೇ?" ಎಂದ ಮಾರೆಕ್.

"ಒಂದೇ. ನಮ್ಮಲ್ಲಿ ಅಷ್ಟು ಸಾಕು."

ಅವನು ಆ ಅಕ್ಷರವನ್ನು ನೋಡುತ್ತ ನಿಂತ. "ಗುಂಡಿಯಲ್ಲಿ ಜಾಗವಂತೂ ಉಳಿಯುತ್ತದೆ" ಎಂದು ಗೊಣಗಿ, ಮುಚ್ಚಿದ್ದ ಚರ್ಚೆಯನ್ನು ಮತ್ತೆ ತೆರೆದ.

ಮಧ್ಯಾಹ್ನ ರೂಪಕ್ಕನ ಸಂದೇಶ ಬಂತು. ಡಾಕ್ಟರು ಹಳೆಯ ಮಾತ್ರೆಗೇ ಇಳಿಸಿದ್ದಾರೆ, ಒಂದು ತಿಂಗಳು ನೋಡೋಣ ಎಂದಿದ್ದಾರೆ. "ಬೈದ್ರು. ನಿನ್ ಪಾಲಿಂದೂ ನಮಗೇ ಬೈದ್ರು" ಎಂದು ಕೊನೆಗೆ ಸೇರಿಸಿದ್ದಳು.

ಕೊಕ್ಕನೂರು

ಬದಲಾದ ಆ್ಯಪ್ ಬಂದದ್ದು ನಾನು ಊರಿಗೆ ಮರಳಿ ಎರಡು ತಿಂಗಳಾದ ಮೇಲೆ. ಕೋರ್ಟು ಮುಗಿಸಿ ಕೊಕ್ಕನೂರಿಗೆ ಹೋಗಿ ಅತ್ತೆಯ ಫೋನಿಗೆ ಹಾಕಿದೆ. "ಈಗ ಎರಡು ಗುಂಡಿ ಅದಾವೆ" ಎಂದಷ್ಟೇ ಹೇಳಿದೆ. ಏಳೂವರೆಗೆ ಅಡಿಗೆಮನೆಯ ಹೊಸ್ತಿಲ ಪಕ್ಕ, ಎರಡೂ ಅಂಗೈ ತೊಡೆಯ ಕೆಳಗೆ ಒತ್ತಿಕೊಂಡು ಕುಳಿತೆ.

ಗೂಡಿನಿಂದ ನನ್ನ ದನಿ ಕರೆಯಿತು. ಅತ್ತೆ "ಓ!" ಎಂದಳು, ಎದ್ದು ಹೋಗಿ ಓ ಒತ್ತಿದಳು. ದನಿ ನಿಂತಿತು. ಎರಡನೆಯ ಗುಂಡಿ ಪರದೆಯ ಮೇಲೆ ಸುಮ್ಮನೆ ಕಾಯುತ್ತಿತ್ತು. ಅತ್ತೆ ಎಲ್ಲರಿಗೂ ಬಡಿಸಿದಳು, ತಾನೂ ಉಂಡಳು, ತಟ್ಟೆ ಎತ್ತಿದಳು, ಎಮ್ಮೆಗೆ ಕಲಗಚ್ಚು ಇಟ್ಟು ಬಂದಳು. ನನ್ನ ಬೆರಳುಗಳು ಜೋಮು ಹಿಡಿದಿದ್ದವು. ಮಾತ್ರೆ ಡಬ್ಬಿಯ ಪಕ್ಕದಲ್ಲಿಯೇ ಎರಡು ಸಲ ಹಾದುಹೋದಳು.

"ಯಾಕ ಹಂಗ್ ಬಾಯಿ ಮುಚ್ಚಿ ಕುಂತೀಯ? ಹುಷಾರಿಲ್ಲೇನು?"

ತಲೆ ಅಲ್ಲಾಡಿಸಿದೆ.

"ಫಾರಿನ್ನಿಗೆ ಹೋಗಿಬಂದು ಮಾತೇ ನಿಂತುಹೋಗೈತೆ" ಎಂದ ಅತ್ತೆ ಗೂಡಿನ ಕಡೆ ಒಮ್ಮೆ ನೋಡಿದಳು. ಪರದೆ ಇನ್ನೂ ಹಸಿರಾಗಿರಲಿಲ್ಲ. "ಓಹೋ, ನುಂಗಿಲ್ಲ" ಎಂದು ಡಬ್ಬಿ ತೆಗೆದು, ಮಾತ್ರೆ ಬಾಯಿಗೆ ಹಾಕಿ, ತಲೆ ಹಿಂದಕ್ಕೆ ಬಾಗಿಸಿ ಚೊಂಬಿನ ನೀರು ಕುಡಿದಳು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು ಹೊರಗೆ ಜಗಲಿಗೆ ಹೋಗಿಬಿಟ್ಟಳು. ಎರಡನೆಯ ಗುಂಡಿಯನ್ನು ಮುಟ್ಟಲೇ ಇಲ್ಲ.

ನಾನು ಕೂಗಲಿಲ್ಲ. ಅಂದಿನ ದಿನದ ಎದುರು ಪಟ್ಟಿಯಲ್ಲಿ ಬಂದದ್ದು: ಗೊತ್ತಿಲ್ಲ. ಮಾತ್ರೆ ಅತ್ತೆಯ ಹೊಟ್ಟೆಯಲ್ಲಿತ್ತು. ಇದನ್ನು ಹಾಗೆಯೇ ಬರೆದು ಲೀಸ್‌ಗೂ ಮಾರೆಕ್‌ಗೂ ಕಳಿಸಬೇಕು. ಮಾರೆಕ್ ಬೈಯುತ್ತಾನೆ, ಲೀಸ್ ಎರಡು ದಿನ ಸುಮ್ಮನಿರುತ್ತಾಳೆ.

ಜಗಲಿಯಿಂದ ಅತ್ತೆ ಬಗ್ಗಿ ಒಳಗೆ ನೋಡಿದಳು. "ಇನ್ನೂ ಅದ್ರಾಗೆ ಏನ್ ಹುಡುಕ್ತೀಯೇ? ನುಂಗಿದ್ನಲ್ಲ. ಎದುರಿಗೇ ಕುಂತಿದ್ಯಲ್ಲ, ನೋಡ್ಲಿಲ್ವಾ?"

"ನೋಡಿದೆ ಅತ್ತೆ" ಎಂದೆ.